ಜರ್ಮನಿಯ ಶಿಕ್ಕಾ

ಚಿಕ್ಕೋಡಿಯ ಕೋರ್ಟಿನಲ್ಲಿ ಇಪ್ಪತ್ತೈದು ವರ್ಷ ಕರಿಕೋಟು ಸವೆಸಿದ ನನಗೆ ಪರದೇಶದ ಕಾನೂನೆಂದರೆ ಮಹಾರಾಷ್ಟ್ರದ ಕಾನೂನು. ಮನೆ ಗಡಿಯ ಈ ಕಡೆ, ಹೊಲ ಆ ಕಡೆ ಇರುವ ಕಕ್ಷಿದಾರರು ಬಂದರೆ ಕೊಲ್ಲಾಪುರದ ಬಸ್ಸು ಹತ್ತಿ ಪುಸ್ತಕ ತರುತ್ತಿದ್ದೆ. ನನ್ನ ಅಂತರರಾಷ್ಟ್ರೀಯ ಜ್ಞಾನ ಅಲ್ಲಿಗೆ ಮುಗಿಯುತ್ತಿತ್ತು.

ಹೀಗಿರುವಾಗ ಅಕ್ಕೋಳದ ಶಾಂತಕ್ಕ ಬಂದರು. ಅವರ ಮಗಳು ಸುಜಾತಾ ಜರ್ಮನಿಯಲ್ಲಿ ನರ್ಸು. ಗಂಡಹೆಂಡತಿ ಇಬ್ಬರೂ ಒಪ್ಪಿ ಅಲ್ಲಿನ ಕೋರ್ಟಿನಲ್ಲೇ ವಿಚ್ಛೇದನ ಪಡೆದಿದ್ದರು. ಈಗ ಕಾಗವಾಡದಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನಿಗೆ ಮನಸ್ಸಿತ್ತು, ಆದರೆ ಆ ತೀರ್ಪು ಪಕ್ಕಾ ಆಗಿದೆಯೆಂದು ವಕೀಲರು ಹೇಳುವ ತನಕ ಮಾತು ಮುಂದುವರಿಸುವುದಿಲ್ಲ ಎಂದು ಅವನ ಹಿರಿಯರು ಪಟ್ಟು ಹಿಡಿದು ಕೂತಿದ್ದರು.

"ಇಲ್ಲೊಂದು ಗುಂಡನ ಶಿಕ್ಕಾ ಐತಿ ನೋಡ್ರಿ, ಸಾಹೇಬ್ರ" ಎಂದು ಶಾಂತಕ್ಕ ತೀರ್ಪಿನ ಝೆರಾಕ್ಸಿನ ಮೊದಲ ಪುಟದ ಮೂಲೆಯಲ್ಲಿದ್ದ ಮೊಹರಿಗೆ ಬೆರಳಿಟ್ಟರು.

"ಶಿಕ್ಕಾ ಎಲ್ಲಾ ಕಾಗದಕ್ಕೂ ಇರ್ತಾವ್ರಿ, ಅಕ್ಕಾರ" ಎಂದು ನಾನು ಆ ಮೂಲೆಗೇ ತೂತು ಹೊಡೆದು, ದಾರ ಕಟ್ಟಿ ಫೈಲಿಗೆ ಸೇರಿಸಿದೆ.

ಇಲ್ಲಿನ ಕಾನೂನು ನನಗೆ ಗೊತ್ತಿತ್ತು, ತಿಳಿಯಬೇಕಾದದ್ದು ಅಲ್ಲಿ ತೀರ್ಪು ಯಾವಾಗ ಪಕ್ಕಾ ಆಗುತ್ತದೆ ಎಂಬುದು. ವಕೀಲರ ಸಂಘದ ಕಪಾಟಿನಲ್ಲಿ ಸಿಕ್ಕ ಒಂದೇ ಪರದೇಶಿ ಪುಸ್ತಕ ಇಂಗ್ಲೆಂಡಿನದು, ಅದೂ ನಾನು ಹುಟ್ಟುವ ಮೊದಲಿನದು. ಎರಡು ದಿನ ಅದನ್ನೇ ಶ್ರದ್ಧೆಯಿಂದ ಓದಿದೆ. ದಪ್ಪ ಪುಸ್ತಕ ಕೈಯಲ್ಲಿದ್ದರೆ ದೇಶ ಬೇರೆಯೆಂಬುದೂ ಮರೆತುಹೋಗುತ್ತದೆ.

ಕೊನೆಗೆ ಬೆಳಗಾವಿಯ ಒಂದು ಕಾನೂನು ಕಾಲೇಜಿನ ಗ್ರಂಥಾಲಯಕ್ಕೆ ಹೋದೆ. ಅಲ್ಲಿನ ಗ್ರಂಥಪಾಲಕಿ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು, ಆಮೇಲೆ ಕೇಳಿದರು: "ಯಾವ ದೇಶದ ಕಾನೂನ್ರಿ? ಯಾವ ಇಸವಿದು? ಇನ್ನೂ ಚಾಲ್ತಿಯೊಳಗ ಐತೇನ್ರಿ?" ಊರಲ್ಲಿ ಮನೆ ಹುಡುಕುವವರನ್ನು ನಾವು ಕೇಳುವುದೂ ಇದನ್ನೇ: ಯಾವ ಊರು, ಯಾರ ಮನೆ, ಈಗಲೂ ಅಲ್ಲೇ ಇದ್ದಾರೋ? ಬೇಕಾದದ್ದು ಜರ್ಮನಿಯದು, ಓದಿದ್ದು ಇಂಗ್ಲೆಂಡಿನ ಹಳೆಯ ಪುಸ್ತಕ ಎಂದು ಒಪ್ಪಿಕೊಂಡೆ. ನಾಚಿಕೆಯಾಯಿತು.

ಅವರು ಕಂಪ್ಯೂಟರಿನಲ್ಲಿ ಹೊರದೇಶದ ಗ್ರಂಥಾಲಯವೊಂದರ ಮಾರ್ಗದರ್ಶಿ ತೆರೆದರು. ಅದರಿಂದ ಜರ್ಮನ್ ಕಾನೂನಿನ ಇಂಗ್ಲಿಷ್ ಅನುವಾದಕ್ಕೆ, ಅಲ್ಲಿಂದ ವಿವರಣೆಗೆ ದಾಟಿದರು. ಓದಿ ಹೇಳಿದರು: "ತೀರ್ಪು ಅಂತಿಮ ಆತಂದ್ರ ಅದರ ಮ್ಯಾಲೆ ಹಂಗಂತ ಬರದು ಶಿಕ್ಕಾ ಹೊಡೀತಾರಂತ್ರಿ. ನಿಮ್ಮ ಕಾಗದದಾಗ ಐತೇನು?"

ಫೈಲು ಬಿಚ್ಚಿದೆ. ಶಿಕ್ಕಾ ಇತ್ತು, ನಡುವೆ ನಾನು ಹೊಡೆದ ತೂತಿನ ಸಮೇತ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದ್ದೆ.

ಮೂಲಪ್ರತಿ ತರಿಸಿ, ಜರ್ಮನ್ ಬಲ್ಲ ಅನುವಾದಕರಿಂದ ಖಾತ್ರಿ ಮಾಡಿಕೊಂಡು, ಆ ಶಿಕ್ಕಾವೇ ಸಾಕ್ಷಿ, ತೀರ್ಪು ಪಕ್ಕಾ ಎಂದು ಶಾಂತಕ್ಕನಿಗೆ ಫೋನು ಮಾಡಿದೆ. ಆ ಕಡೆಯಿಂದ ಅಳುನಗುವಿನ ದನಿ: "ನಾ ಮೊದಲನೇ ದಿನಾನ ತೋರಿಸಿದ್ನಲ್ರಿ, ಸಾಹೇಬ್ರ!"

ಹೋದ ವಾರ ಸುಜಾತಾಳ ಲಗ್ನಪತ್ರಿಕೆ ಬಂತು. ಮೊದಲು ಓದಿದೆ. ತೂತು ಹೊಡೆಯಲಿಲ್ಲ.