ಬೈಗುಳದ ಪಾಲು

ನನ್ನ ಓರಗಿತ್ತಿಗೆ ನಮ್ಮತ್ತೆ ದಿನಾ ಬೈಯುತ್ತಿದ್ದರು, ಅದೂ ತುಳುವಿನಲ್ಲಿ. ನನಗೆ ಅದೇ ಹೊಟ್ಟೆಕಿಚ್ಚು.

ನಾನು ದಾವಣಗೆರೆಯವಳು. ಮದುವೆಯಾಗಿ ಪಡೀಲಿನ ಈ ಮನೆಗೆ ಬಂದಾಗಲೇ ತುಳು ಕಲಿಯಬೇಕೆಂದು ಹಟ ತೊಟ್ಟಿದ್ದೆ. ಸುರತ್ಕಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳಿಗೆ ಇದೇನು ಮಹಾ ಎಂಬ ಜಂಬ ಬೇರೆ. ಬಸ್ಸಿನಲ್ಲಿ ಹೋಗುತ್ತ ಬರುತ್ತ ಫೋನಿನಲ್ಲಿ ತುಳು ಪಾಠ ಕೇಳಿದೆ. ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿ, ತಿದ್ದಿ, ತಪ್ಪಿಲ್ಲವೆಂದು ಖಾತ್ರಿಯಾಗಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕನ್ನಡಕ್ಕೆ ಹೊರಳಿರುತ್ತಿದ್ದರು. ಈ ಊರಿನ ಮರ್ಯಾದೆಯೇ ಹಾಗೆ. ತುಳು ಬಾರದವರು ಎದುರಿಗಿದ್ದರೆ ಮೀನಿನವಳೂ ಆಟೋದವನೂ ಕನ್ನಡಕ್ಕೆ ಬಂದುಬಿಡುತ್ತಾರೆ. ಅತ್ತೆಯಂತೂ ಟೀಚರ್ ಎಂದು ನನ್ನನ್ನು 'ನೀವು' ಎನ್ನುತ್ತಿದ್ದರು. ವರ್ಷಗಳಾದರೂ ಆ ಮನೆಯಲ್ಲಿ ನಾನು ಕಾಫಿ ಕುಡಿದು ಹೋಗಲು ಬಂದವಳ ಹಾಗೆಯೇ ಇದ್ದೆ.

ಆಮೇಲೆ ಮೈದುನನ ಹೆಂಡತಿ ಬಂದಳು, ಪುಣೆಯ ಹುಡುಗಿ. ಅವಳಿಗೆ ಕನ್ನಡವೂ ಬಾರದು, ಅತ್ತೆಗೆ ಹಿಂದಿ ಬಾರದು. ಹೊರಳಿಕೊಳ್ಳಲು ಇಬ್ಬರಿಗೂ ಬೇರೆ ಭಾಷೆಯೇ ಇರಲಿಲ್ಲ. ಅವಳು ಪಾಠ ಕೇಳಲಿಲ್ಲ, ವಾಕ್ಯ ಕಟ್ಟಲಿಲ್ಲ. ಅತ್ತೆಯ ಹಿಂದೆ ಮುಂದೆ ಸುತ್ತುತ್ತ ಬಾಯಿಗೆ ಬಂದದ್ದನ್ನು ಹೇಳಿದಳು. ಅತ್ತೆ ನಕ್ಕರು, ಬೈದರು, ತಿದ್ದಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕಪಕ್ಕದವರ ಸುದ್ದಿ ಆಡುವಷ್ಟು ತುಳು ಅವಳಿಗೆ ಬಂದಿತ್ತು. ಅವಳ ತಪ್ಪುಗಳನ್ನೆಲ್ಲ ನಾನು ಕೂತಲ್ಲೇ ಗುರುತಿಸಬಲ್ಲೆ. ಆದರೆ ಮಾತಿಗೆ ಅತ್ತೆ ಕರೆಯುವುದು ಅವಳನ್ನೇ.

ಮೊನ್ನೆ ಅತ್ತೆಗೆ ಜ್ವರ. ಕುಚ್ಚಲಕ್ಕಿಯ ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿಯುತ್ತೇನೆಂದು ಅಡುಗೆಮನೆಯಲ್ಲೇ ಸ್ಟೂಲಿನ ಮೇಲೆ ಕಾದು ಕುಳಿತಿದ್ದರು. ಅನ್ನ ಬಸಿಯುವ ಕೆಲಸ ನನ್ನದು. ಬೆನ್ನ ಹಿಂದೆ ಅತ್ತೆ ಮತ್ತು ಓರಗಿತ್ತಿ ಏನೋ ಪಿಸುಗುಟ್ಟಿ ನಗುತ್ತಿದ್ದರು. ನನ್ನ ಕಿವಿ ಅತ್ತ ಇತ್ತು, ಕೈ ತಿಳಿಯನ್ನೆಲ್ಲ ಸಿಂಕಿಗೆ ಚೆಲ್ಲಿಬಿಟ್ಟಿತು.

ಅತ್ತೆ ಎದ್ದು ಬಂದು ನೋಡಿದರು. "ಇರ್ಲಿ, ಎಂತ ಆಗುದಿಲ್ಲ. ನೀವು ಬೇಜಾರು ಮಾಡ್ಬೇಡಿ" ಎಂದರು. ನಂತರ ಓರಗಿತ್ತಿಯ ಕಡೆ ತಿರುಗಿ ತುಳುವಿನಲ್ಲಿ ಶುರು ಮಾಡಿದರು. ಅಕ್ಕ ಚೆಲ್ಲುವುದನ್ನು ನೋಡಿಕೊಂಡು ಕೂತೆಯಲ್ಲ, ಹೇಳಲು ನಿನಗೆ ಬಾಯಿರಲಿಲ್ಲವೇ ಎಂದು.

ಚೆಲ್ಲಿದವಳು ನಾನು, ಬೈಗುಳ ಅವಳಿಗೆ. ನನ್ನ ಪಾಲಿನದೂ ಅವಳಿಗೇ! ಮೈ ಉರಿದುಹೋಯಿತು. ಯಾವ ವಾಕ್ಯವನ್ನೂ ಕಟ್ಟದೆ ತುಳುವಿನಲ್ಲೇ ಹೇಳಿಬಿಟ್ಟೆ: "ತಪ್ಪು ಎನ್ನ, ಮಾಮಿ. ಎಂಕ್ ನೆರ್ಲೆ." ತಪ್ಪು ನನ್ನದು, ನನಗೆ ಬೈಯಿರಿ.

ಅತ್ತೆ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದರು. "ನಿಕ್ಕ್ ಬುದ್ಧಿ ಇಜ್ಜಾ?" ಎಂದರು.

ನಿನಗೆ ಬುದ್ಧಿ ಇಲ್ಲವಾ ಎಂದು ಶುರುವಾದದ್ದು, ನಾನು ಮತ್ತೆ ಒಲೆಗಿಟ್ಟ ನೀರು ಕುದಿಯುವವರೆಗೂ ನಿಲ್ಲಲಿಲ್ಲ. ಅರ್ಧ ಅರ್ಥವಾಗಲಿಲ್ಲ. ತಲೆ ತಗ್ಗಿಸಿ ನಿಂತು ಒಂದೊಂದನ್ನೂ ಕೇಳಿಸಿಕೊಂಡೆ. ನಡುವೆ ಓರಗಿತ್ತಿ, ಪಾಪ, ನನ್ನ ಪರವಾಗಿ ಏನೋ ಹೇಳಲು ಬಂದಳು. ಸುಮ್ಮನೆ ಕೂತಿರು ಎಂದು ಅವಳಿಗೂ ತುಳುವಿನಲ್ಲೇ ಗದರಿದೆ.