ಹೆಂಡತಿ ಕೊಂಡುಕೊಂಡ ನನ್ನ ಅರ್ಧ ಮನೆ

ಟೂಂಗಾಬಿಯ ಈ ಮನೆಗೆ ಬಂದ ಮೊದಲ ವಾರ ಕಿಟಕಿಗಳಿಗೆ ಪರದೆ ಇರಲಿಲ್ಲ. ಹುಬ್ಬಳ್ಳಿಯಿಂದ ತಂದಿದ್ದ ಚಾದರಗಳನ್ನೇ ಕಟ್ಟಿದ್ದೆವು. ಮೆಲ್ಬರ್ನಿನ ಟಾರ್ನೀಟ್‌ನಲ್ಲಿರುವ ನನ್ನ ಅಕ್ಕ ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ಇಡೀ ದಿನದ ದಾರಿ ಸವೆಸಿ ಬಂದು ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿದಳು. ಆಮೇಲೆ ಶಾಲೆಗೆ ರಜೆ ಬಿಟ್ಟಾಗಲೆಲ್ಲ ಬರುತ್ತಿದ್ದಳು. ಹಾಲ್‌ನಲ್ಲಿ ಸಾಲಾಗಿ ಮಲಗಿದ ಮಕ್ಕಳನ್ನು ದಾಟಿಕೊಂಡೇ ನಾವು ಚಹಾ ಮಾಡಲು ಹೋಗಬೇಕಿತ್ತು. ಆ ಗದ್ದಲದ ಬೆಳಗುಗಳು ಎಷ್ಟು ಚೆನ್ನಾಗಿದ್ದವು!

ನನ್ನದು ಕೇಟರಿಂಗ್ ವ್ಯಾಪಾರ. ಕೋವಿಡ್ ಬಂದಾಗ ಮದುವೆ, ನಾಮಕರಣ ಎಲ್ಲ ನಿಂತವು; ಅಡುಗೆ ಮಾಡುತ್ತಿದ್ದ ಜಾಗದ ರೆಂಟ್ ನಿಲ್ಲಲಿಲ್ಲ. ಹೆಂಡತಿಗೆ ಪೂರ್ತಿ ಹೇಳದೆ ಸಾಲದ ಮೇಲೆ ಸಾಲ ಮಾಡಿದೆ; ಅಂಚೆಯಲ್ಲಿ ಬಂದ ಸಾಲದ ಪತ್ರಗಳನ್ನು ಅವಳಿಗೆ ಕಾಣದಂತೆ ತೆಗೆದಿಟ್ಟೆ. ಕೊನೆಗೆ ದಿವಾಳಿ ಅರ್ಜಿ ಹಾಕದೆ ಬೇರೆ ದಾರಿ ಉಳಿಯಲಿಲ್ಲ.

ಅರ್ಜಿಯ ನಂತರ ನನ್ನ ಆಸ್ತಿಯ ಹೊಣೆ ಹೊತ್ತ ಟ್ರಸ್ಟಿ ನಮ್ಮಿಬ್ಬರನ್ನೂ ಕರೆಸಿದರು. ಮನೆ ಇಬ್ಬರ ಹೆಸರಿನಲ್ಲಿತ್ತು. ನನ್ನ ಅರ್ಧ ಈಗ ಅವರ ಕೈಗೆ ಸೇರಿದೆ, ಅದನ್ನು ಹೆಂಡತಿ ಕೊಂಡುಕೊಳ್ಳಬಹುದು, ಆಗದಿದ್ದರೆ ಮನೆಯನ್ನೇ ಮಾರಬೇಕಾಗುತ್ತದೆ ಎಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಮ್ಯಾಕ್ವೆರಿ ಪಾರ್ಕ್‌ನ ಔಷಧ ಕಂಪನಿಯಲ್ಲಿ ಕೆಲಸ ಮಾಡುವ ಹೆಂಡತಿ ಒಂದೊಂದೇ ಕೇಳಿ ಬರೆದುಕೊಂಡಳು.

ಕಾರಿನಲ್ಲಿ ಕೂತ ಮೇಲೆ, “ಮುಚ್ಚಿಟ್ಟಿದ್ದಕ್ಕ ಸಿಟ್ಟ ಐತ್ರಿ. ಅದು ಇಷ್ಟಕ್ಕ ಹೋಗೂದಿಲ್ಲ,” ಎಂದಳು. ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ, “ನಿಮ್ಮ ಅರ್ಧಾ ನಾನ ತಗೋತೀನಿ,” ಎಂದಳು.

ಮನೆಸಾಲದ ಮಾರ್ಟ್‌ಗೇಜ್ ಅವಳೊಬ್ಬಳ ಹೆಸರಿಗಾಗಲು ಬ್ಯಾಂಕ್ ಒಪ್ಪಿತು. ಆದರೂ ಅವಳ ಉಳಿತಾಯವನ್ನೆಲ್ಲ ಸೇರಿಸಿದ ಮೇಲೂ ನನ್ನ ಪಾಲಿನ ಬೆಲೆಗೆ ಕೊಂಚ ಹಣ ಕಡಿಮೆ ಬಿತ್ತು. ಅಕ್ಕನನ್ನು ಕೇಳಲು ನನಗೆ ಮುಖವಿರಲಿಲ್ಲ. ಹೆಂಡತಿಯೇ ಫೋನ್ ಮಾಡಿ, ವಿಷಯ ತಿಳಿಸಿ, ನನ್ನ ಕೈಗೆ ಕೊಟ್ಟಳು.

“ಇನ್ನೊಂದ ರೂಮ್ ಕಟ್ಟಸ್ಬೇಕಂತ ಇಟ್ಟ ರೊಕ್ಕ ಐತಿ, ತಗೋರಿ,” ಎಂದಳು ಅಕ್ಕ. “ಈ ದೇಶದಾಗ ನನಗ ತವರುಮನಿ ಅಂತ ಇರೂದು ಅದೊಂದ. ಅದನ್ನ ಮಾರಿದ್ರ ನಾ ಎಲ್ಲಿಗೆ ಬರ್ಲೋ ತಮ್ಮಾ?”



ಮನೆ ಉಳಿಯಿತು, ಹೆಂಡತಿಯ ಹೆಸರಿನಲ್ಲಿ. ನಾನೀಗ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಸಂಬಳಕ್ಕೆ ದುಡಿಯುತ್ತೇನೆ. ಅವಳ ಸಿಟ್ಟು ಇಳಿಯಲು ವರ್ಷವೇ ಹಿಡಿಯಿತು. ಒಂದು ಶನಿವಾರ ಅಂಚೆಯಲ್ಲಿ ಬಂದ ಲಕೋಟೆಗಳನ್ನು ನನ್ನ ಮುಂದಿಟ್ಟು, “ಇನ್ನ ಮ್ಯಾಲೆ ಇಬ್ರೂ ಕೂಡೇ ಒಡದು ಓದೂಣ್ರಿ,” ಎಂದಳು. ಅಂದಿನಿಂದ ಹಾಗೇ ಓದುತ್ತೇವೆ.