ಚಿಕ್ಕತಾಯಿಯ ಕ್ಷಮಾಪಣೆ

ನಮ್ಮ ಹೂವು ಬೆಳೆಗಾರರ ಸಂಘದ ಕಚೇರಿಯಲ್ಲಿ ದಿನಕ್ಕೊಂದಾದರೂ ಕೊಲೆ ಮಾಡಿ, ಕೈ ಕೂಡ ತೊಳೆಯದೆ ಟೀ ಕುಡಿಯುತ್ತಿದ್ದವಳು ಹರದನಹಳ್ಳಿಯ ಚಿಕ್ಕತಾಯಿ ಒಬ್ಬಳೇ. ಸತ್ತವೆಲ್ಲ ಕಂಟೇನರ್‌ಗಳು. ಹೂವಿನ ದರ ತೋರಿಸಲು, ಆರ್ಡರ್ ಹಿಡಿಯಲು, ತೂಕದ ಚೀಟಿ ಕೊಡಲು, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಸಾಫ್ಟ್‌ವೇರ್ ಡಬ್ಬಿ. ಅವುಗಳ ವಾಸಕ್ಕೆ ಎರಡು ಸರ್ವರ್: ಚಾಮರಾಜನಗರದ ಕಚೇರಿಯಲ್ಲೊಂದು, ಗುಂಡ್ಲುಪೇಟೆಯ ಗೋದಾಮಿನಲ್ಲೊಂದು. ಡಬ್ಬಿ ಸತ್ತರೆ ಅಂಥದ್ದೇ ಇನ್ನೊಂದು ತಾನಾಗಿ ಹುಟ್ಟಬೇಕು. ಒಂದು ಊರಿನ ಸರ್ವರ್ ಆಫ್ ಆದರೆ ಅಲ್ಲಿನ ಡಬ್ಬಿಗಳೆಲ್ಲ ಇನ್ನೊಂದೂರಲ್ಲಿ ಎದ್ದು ಕೂರಬೇಕು. ಈ ಜನನ ಮರಣಗಳ ಉಸ್ತುವಾರಿ ಅವಳದು.

ಸಂಘದ ಕಾರ್ಯದರ್ಶಿಯಾದ ನಾನು ಹಳೆಯ ಕಾಲದವನು. ಒಮ್ಮೆ ದರ ತೋರಿಸುವ ಡಬ್ಬಿ ಮಂಕಾದಾಗ, ಅದಕ್ಕೆ ಎಲ್ಲಿ ನೋಯುತ್ತಿದೆಯೋ ಎಂದು ಪರದೆಯ ಮುಂದೆ ಕೂತು ಹುಡುಕುತ್ತಿದ್ದೆ.

"ಬಾಣಂತನ ಮಾಡ್ತಿದ್ದೀರಾ ಸಾರ್? ಸಾಯಿಸ್ಬುಡಿ, ಒಸದು ಬತ್ತದೆ," ಎಂದವಳೇ ಕೀಲಿ ಒತ್ತಿದಳು. ನಾನು ಮೌನಾಚರಣೆ ಮುಗಿಸುವುದರೊಳಗೆ ಹೊಸದು ದರ ತೋರಿಸುತ್ತಿತ್ತು.

ಆಯುಧಪೂಜೆಯಂದು ನಮ್ಮಲ್ಲಿ ಉಪಕರಣಗಳಿಗೆ ವಿಶ್ರಾಂತಿ. ನೇಗಿಲು, ತಕ್ಕಡಿ, ಟ್ರ್ಯಾಕ್ಟರುಗಳು ಸುಮ್ಮನಿರುವಾಗ ಸರ್ವರ್ ದುಡಿಯುವುದು ಧರ್ಮವಲ್ಲವೆಂದು ಚಂದಕವಾಡಿಯವರಾದ ನಮ್ಮ ಅಧ್ಯಕ್ಷರು ತೀರ್ಮಾನಿಸಿದರು.

"ಒಂದ್ನ ಬೆಳಗ್ಗೆ ಮಲಗ್ಸಿ, ಇನ್ನೊಂದ್ನ ಸಂಜೆ. ಎಲ್ಡೂವ ಒಟ್ಗೆ ಬ್ಯಾಡಿ ಅಣ್ಣ," ಎಂದಳು ಚಿಕ್ಕತಾಯಿ.

"ಮೂರ್ತ ಇರಾದು ಒಂದೇ ಕಣಮ್ಮಿ," ಎಂದರು ಅಧ್ಯಕ್ಷರು.

ಹಾಗಾಗಿ ಎರಡೂ ಊರುಗಳ ಸರ್ವರ್‌ಗಳನ್ನು ಒಂದೇ ಮುಹೂರ್ತಕ್ಕೆ ಆಫ್ ಮಾಡಿ, ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದರು. ಡಬ್ಬಿಗಳಿಗೆ ಎದ್ದು ಕೂರಲು ಈ ಭೂಮಿಯ ಮೇಲೆ ಜಾಗವೇ ಉಳಿಯಲಿಲ್ಲ. ಆರ್ಡರ್ ಹಾಕಲಾಗದ ಕೇರಳದ ವ್ಯಾಪಾರಿಗಳು ಬೇರೆ ಕಡೆ ಕೊಂಡರು. ನಮ್ಮ ಚೆಂಡುಹೂವು ಗೋದಾಮಿನಲ್ಲೇ ಬಾಡಿತು.

ಮುಂದಿನ ಸಭೆಗೆ ಒಬ್ಬರು ತಪ್ಪಿತಸ್ಥರು ಬೇಕಾಗಿದ್ದರು. ಅಧ್ಯಕ್ಷರು ತಮ್ಮೊಬ್ಬರನ್ನು ಬಿಟ್ಟು ಎಲ್ಲರನ್ನೂ ಪರಿಶೀಲಿಸಿ, ಕೊನೆಗೆ ಅವಳ ಕಡೆ ತಿರುಗಿದರು.

"ತಪ್ಪಾಯ್ತು ಅಂದ್ಬುಡಮ್ಮಿ. ಕೆಲ್ಸ ಉಳೀತದೆ."

"ಎಲ್ಡು ಕಣ್ಣೂವ ನೀವೇ ಮುಚ್ಕಂಡು, ದಾರಿ ಯಾಕ್ ಕಾಣ್ನಿಲ್ಲ ಅಂತ ನನ್ನ ಕೇಳ್ತೀರಲ್ಲಣ್ಣ! ನಾ ಅನ್ನಕಿಲ್ಲ."

"ಅಂಗಾರೆ ಓಗು."

"ಓಯ್ತೀನಿ."

ಬಸ್ ನಿಲ್ದಾಣದವರೆಗೂ ಅವಳ ಹಿಂದೆ ಹೋದೆ. "ಒಂದು ಮಾತು ತಾನೆ ತಾಯಿ, ಅಂದುಬಿಡು," ಎಂದು ಬೇಡಿಕೊಂಡೆ. ಅವಳು ಕಿಟಕಿಯ ಪಕ್ಕದ ಸೀಟು ಹಿಡಿದು ಕೂತು, ತಲೆ ಹೊರಗೆ ಹಾಕಿದಳು.

"ನಾ ಓದ್ರೂ ಅದು ನಿಲ್ಲಕಿಲ್ಲ ಸಾರ್. ಅಂಗೇ ಕಟ್ಟಿವ್ನಿ. ಒಂದ್ಸಲ ನಿಂತೋದ್ರೂ ನೀವು ಪೋನ್ ಮಾಡಿ, ನಾ ಬಂದು ತಪ್ಪಾಯ್ತು ಅಂತೀನಿ. ಅವ್ರಿಗೂ ಯೋಳಿ."

ಹೇಳಿದೆ. ಅಂದಿನಿಂದ ಚಾಮರಾಜನಗರದಲ್ಲಿ ಎಷ್ಟೋ ಸಲ ಕರೆಂಟು ಹೋಗಿದೆ, ಗುಂಡ್ಲುಪೇಟೆಯಲ್ಲಿ ಇಲಿ ವೈರು ಕಡಿದಿದೆ. ಡಬ್ಬಿಗಳು ಸಾಯುತ್ತವೆ, ಹುಟ್ಟುತ್ತವೆ. ಆರ್ಡರ್ ಮಾತ್ರ ನಿಂತಿಲ್ಲ. ಅಧ್ಯಕ್ಷರು ಕ್ಷಮಾಪಣೆಗೆ ಇನ್ನೂ ಕಾಯುತ್ತಿದ್ದಾರೆ. ನಾನೂ ಪ್ರತಿ ಬೆಳಗ್ಗೆ, ಇಂದಾದರೂ ಎಲ್ಲ ಕೆಟ್ಟು ನಿಂತಿರಲಿ ಎಂಬ, ಕಾರ್ಯದರ್ಶಿಯ ಘನತೆಗೆ ಸಲ್ಲದ ಆಸೆಯಿಂದಲೇ ಪರದೆ ತೆರೆಯುತ್ತೇನೆ.